ಗೇಣು ದೂರ, 14 ತಿರುವು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೊರಟವರಿಗೆ ಬೆರಗು ಶುರುವಾಗುವುದು ಮೇಗರವಳ್ಳಿ ದಾಟಿ ಕಾಡು ದಟ್ಟವಾದ ಮೇಲೆ. ನನಗೆ ಅದು ಹೊರಡುವ ಮೊದಲೇ ಶುರುವಾಗಿತ್ತು, ಭಾವನ ಮನೆಯ ಅಡಿಕೆ ಅಂಗಳದ ಮೂಲೆಯಲ್ಲಿ, ಜಿಪ್ಸಿಯ ಅಡಿಯಲ್ಲಿ ಅಂಗಾತ ಮಲಗಿದ್ದಾಗ.

ಸವೆದ ಕ್ಲಚ್ ಪ್ಲೇಟು ಹೊರಬಂದು ಗೋಡೆಗೆ ಒರಗಿತ್ತು. ಹೊಸ ಪ್ಲೇಟು, ಪ್ರೆಶರ್ ಪ್ಲೇಟು ಕೂರಿಸಿಯಾಗಿತ್ತು. ಬಾಕಿ ಇದ್ದದ್ದು ಗೇರ್‌ಬಾಕ್ಸನ್ನು ಎಂಜಿನ್ನಿಗೆ ಮರಳಿ ಸೇರಿಸುವ ಕೆಲಸ. ಜಿಪ್ಸಿಯಲ್ಲಿ ಒಂದು ಅನುಕೂಲವಿದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಅದು ಹಿಂದೆ ಬೇರೆಯೇ ಕೂತಿದೆ, ಎರಡರ ನಡುವೆ ಒಂದು ಗಿಡ್ಡ ಶಾಫ್ಟು. ಹಾಗಾಗಿ ಗೇರ್‌ಬಾಕ್ಸಿನ ಭಾರ ಮನೆಯ ಇಬ್ಬರ ಕೈಗೆ ನಿಲುಕುವಷ್ಟೇ. ಗಾಡಿಯನ್ನು ಜಾಕಿಯ ಮೇಲೆ ಬಿಡದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಬ್ಯಾಟರಿಯ ವೈರು ಬಿಚ್ಚಿಟ್ಟು, ಅಡಿಗೆ ನುಗ್ಗಿದೆವು.

ಗೇರ್‌ಬಾಕ್ಸು ಮುಂದಕ್ಕೆ ಸಾಗಬೇಕಾದ ದೂರ ಸುಮಾರು ಒಂದು ಗೇಣು. ಆದರೆ ಆ ಗೇಣಿನೊಳಗೆ ಎಷ್ಟೊಂದು ಊರುಗಳು! ಮುಂದೆ ಚಾಚಿದ ಇನ್‌ಪುಟ್ ಶಾಫ್ಟು ಪ್ರೆಶರ್ ಪ್ಲೇಟಿನ ಬೆರಳುಗಳ ನಡುವೆ ತೂರಬೇಕು, ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಂದಿಗೆ ತನ್ನ ಹಲ್ಲು ಸೇರಿಸಬೇಕು, ಕೊನೆಗೆ ಫ್ಲೈವೀಲಿನ ಮಧ್ಯದ ಪುಟ್ಟ ಬೇರಿಂಗಿನೊಳಗೆ ತುದಿ ಇಡಬೇಕು. ಎಲ್ಲದರ ಮಧ್ಯಬಿಂದುವೂ ಒಂದೇ ಗೆರೆಯ ಮೇಲಿರಬೇಕು. ಅದಕ್ಕೆಂದೇ ಭಾವ ಪ್ರೆಶರ್ ಪ್ಲೇಟಿನ ಬೋಲ್ಟು ಬಿಗಿಯುವ ಮೊದಲು ಡಮ್ಮಿ ಶಾಫ್ಟು ತೂರಿಸಿ ಕ್ಲಚ್ ಪ್ಲೇಟನ್ನು ನಡುವಿಗೆ ತಂದಿದ್ದರು. ಹಲ್ಲುಗಳಿಗೆ ಸವರಿದ ಗ್ರೀಸೂ ತೆಳುವಾಗಿತ್ತು. ಹೆಚ್ಚಾದರೆ ತಿರುಗುವಾಗ ಪ್ಲೇಟಿನ ಮೇಲೆ ಎರಚಿ ಕ್ಲಚ್ಚು ಜಾರುತ್ತದೆ.

ಎರಡು ಬೆರಳಿನಷ್ಟು ಸಂದು ಉಳಿದಾಗ ಗೇರ್‌ಬಾಕ್ಸು ನಿಂತುಬಿಟ್ಟಿತು.

“ಬೋಲ್ಟ್ ಹಾಕಿ ಎಳೆಯೋಣ್ವಾ, ಭಾವ?”

“ಬೇಡ ಮಾರಾಯ. ಕೈಯಲ್ಲೇ ಕೂರ್ಬೇಕು. ಬೋಲ್ಟಲ್ಲಿ ಎಳೆದ್ರೆ ಹೌಸಿಂಗ್ ಸೀಳ್ತದೆ. ಭಾರ ಶಾಫ್ಟಿನ ಮೇಲೆ ಬಿಡ್ಬೇಡ, ಪ್ಲೇಟ್ ಸೊಟ್ಟ ಆಗ್ತದೆ. ನೀನು ಹಿಂದಿನ ಫ್ಲ್ಯಾಂಜ್ ತಿರುಗ್ಸು, ನಿಧಾನ.”

ಗೇರ್‌ಬಾಕ್ಸನ್ನು ಅವರು ಮೊದಲೇ ನಾಲ್ಕನೇ ಗೇರಿನಲ್ಲಿ ಇಟ್ಟಿದ್ದರು. ಆ ಗೇರಿನಲ್ಲಿ ಹಿಂದಿನ ತುದಿ ಎಷ್ಟು ತಿರುಗಿದರೆ ಮುಂದಿನ ತುದಿಯೂ ಅಷ್ಟೇ ತಿರುಗುತ್ತದೆ. ನಾನು ಹಿಂದೆ ಕೂದಲೆಳೆಯಷ್ಟು ತಿರುಗಿಸಿದೆ. ಕಣ್ಣಿಗೆ ಕಾಣದ ಕತ್ತಲಲ್ಲಿ ಹಲ್ಲಿಗೆ ಹಲ್ಲು ಸಿಕ್ಕಿತು. ಹಳೇ ಬಾಗಿಲಿನ ಅಗುಳಿ ಬಿದ್ದ ಹಾಗೆ ಇಡೀ ಗೇರ್‌ಬಾಕ್ಸು ಮುಂದೆ ಸರಿದು ಎಂಜಿನ್ನಿಗೆ ಅಂಟಿ ನಿಂತಿತು. ಬಲಪ್ರಯೋಗವೇ ಇಲ್ಲ! ಆಮೇಲಿನದು ತಾಳ್ಮೆಯ ಕೆಲಸ: ಎದುರುಬದುರು ಬೋಲ್ಟುಗಳನ್ನು ಸರದಿಯಲ್ಲಿ ಬಿಗಿದೆವು, ಗೇರ್ ಆಯಿಲನ್ನು ತೂತಿನ ಅಂಚಿಗೆ ಬರುವವರೆಗೆ ತುಂಬಿದೆವು, ಕ್ಲಚ್ ಕೇಬಲ್ಲಿಗೆ ತುಸು ಸಡಿಲ ಬಿಟ್ಟೆವು.

ಹೊಸ ಪ್ಲೇಟು ಹದಕ್ಕೆ ಬರಲೆಂದು ಕೆಲವು ದಿನ ಮನೆಗೂ ಪೇಟೆಗೂ ಓಡಾಡಿದ ಮೇಲೆ ಘಟ್ಟದ ಕಡೆ ಹೊರಟೆವು. ಗುಡ್ಡೇಕೇರಿ ದಾಟಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಚಳಿಗಾಲದ ಬಿಸಿಲಿಗೆ ಮೈಯೊಡ್ಡಿತ್ತು. ಸೂರ್ಯಾಸ್ತ ನೋಡುವ ಕಟ್ಟೆಯಿಂದ ಪಡುವಣದ ಬಯಲು ಮಸುಕಾಗಿ ಕಂಡಿತು. ಅಲ್ಲಿಂದ ಕೆಳಗೆ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವು.

ಭಾವ ಎರಡನೇ ಗೇರಿಗೆ ಇಳಿಸಿದರು. ಒಂದಿಷ್ಟೂ ಕರಕರ ಇಲ್ಲ. ಎಂಜಿನ್ನು, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಗೇರ್‌ಬಾಕ್ಸು ಎಂಬ ಈ ಸಾಲನ್ನು 1890ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಪನಾರ್-ಲವಾಸೋರ್ ಕಾರುಗಳು ರೂಢಿಗೆ ತಂದವು. ಹಲ್ಲು ಕಡಿಯದೆ ಗೇರು ಸೇರಿಸುವ ಸಿಂಕ್ರೋಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಆ ಎರಡೂ ಜಾಣತನಗಳು ಈಗ ನನ್ನ ಕಾಲಡಿಯಲ್ಲಿ ಕೆಲಸ ಮಾಡುತ್ತಿದ್ದವು.

ಮೊದಲ ತಿರುವಿನಲ್ಲೇ ಹೊಳೆಯಿತು. ಭಾವನ ಕಾಲು ಆಕ್ಸಿಲರೇಟರಿನ ಮೇಲಿಲ್ಲ, ಬ್ರೇಕೂ ಆಗೀಗ ಮಾತ್ರ. ಆದರೂ ಗಾಡಿ ಹಿಡಿತದಲ್ಲಿದೆ. ಇಳಿಜಾರು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಚಕ್ರಗಳು ಶಾಫ್ಟನ್ನು, ಶಾಫ್ಟು ಗೇರ್‌ಬಾಕ್ಸನ್ನು, ಗೇರ್‌ಬಾಕ್ಸು ಕ್ಲಚ್ ಪ್ಲೇಟನ್ನು, ಅದು ಎಂಜಿನ್ನನ್ನು! ಅಂಗಳದಲ್ಲಿ ನಾನು ಹಿಂದಿನಿಂದ ಕೈಯಲ್ಲಿ ತಿರುಗಿಸಿದ್ದನ್ನು ಈಗ ಸಹ್ಯಾದ್ರಿಯೇ ಹಿಂದಿನಿಂದ ತಿರುಗಿಸುತ್ತಿದೆ. ಬೆಟ್ಟದ ಜಗ್ಗಾಟವೆಲ್ಲ ನಾವು ಮೊನ್ನೆ ಕೂರಿಸಿದ ಅಂಗೈಯಗಲದ ಪ್ಲೇಟಿನ ಮೂಲಕ ಹಾದು ಎಂಜಿನ್ನಿನಲ್ಲಿ ಕರಗುತ್ತಿದೆ. ಕಿಟಕಿಯಾಚೆ ಪ್ರಪಾತ, ಮರದ ತುದಿಗಳು, ಕಟ್ಟೆಯ ಮೇಲೆ ಮಂಗಗಳು. ನನ್ನ ಅರ್ಧ ಗಮನ ಅಲ್ಲಿ, ಅರ್ಧ ನೆಲದಡಿಯ ಆ ಹಲ್ಲುಗಳ ಮೇಲೆ. ಎಷ್ಟೋ ಸಲ ಇಳಿದ ಘಟ್ಟ ಮೊದಲ ಬಾರಿಗೆ ಅಂಗಾಲಿಗೆ ತಿಳಿಯಿತು.

ಸೋಮೇಶ್ವರದಲ್ಲಿ ಚಹಾ ಕುಡಿದು ಗಾಡಿ ತಿರುಗಿಸಿದೆವು. ಏರುವಾಗ ಎಲ್ಲವೂ ಅದಲುಬದಲು: ಎಂಜಿನ್ನು ಮುಂದಿನಿಂದ ತಳ್ಳಿತು, ಅದೇ ಪ್ಲೇಟು ಅದೇ ಬಿಗಿಯಲ್ಲಿ ಹಿಡಿದು ನಿಂತಿತು. ಸುಟ್ಟ ವಾಸನೆಯಿಲ್ಲ, ಜಾರಿಕೆಯಿಲ್ಲ.

“ಇನ್ನೊಂದ್ಸಲ ಇಳಿಯೋಣ್ವಾ, ಭಾವ?”

“ಮೊದ್ಲು ಮನೆಗೆ ನಡಿ ಮಾರಾಯ. ಆಯಿಲ್ ಸೋರಿದ್ಯಾ ನೋಡಿ, ಬೋಲ್ಟ್ ಇನ್ನೊಂದ್ಸಲ ಬಿಗೀಬೇಕು. ಬರೋ ವಾರ ಹುಲಿಕಲ್ ಘಾಟಿ ಇಳಿದ್ರಾಯ್ತು.”