ಮೂರು ಸಲ ಅಲುಗಿದರೆ ನಮ್ಮದು

ನಮ್ಮ ವಾರಗೆಯವರು ಪೋಕೆ ಬಾಲನ್ನು, ಅಂದರೆ ಪೋಕೆಮಾನ್ ಎಂಬ ವಿಚಿತ್ರ ಪ್ರಾಣಿಗಳನ್ನು ಹಿಡಿದಿಡುವ ಚೆಂಡನ್ನು, ಮೊದಲು ಕಂಡದ್ದು ಟಿವಿಯಲ್ಲಿ. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಪೋಕೆಮಾನ್ ಸರಣಿಯನ್ನು ಹಿಂದಿಯಲ್ಲಿ ತೋರಿಸಲು ಶುರುಮಾಡಿತು. ಶಾಲೆಯಲ್ಲಿ ಹಿಂದಿ ಪಾಠ ತಲೆಗೆ ಹತ್ತದವರಿಗೂ ಆ ಹಿಂದಿ ಸಲೀಸಾಗಿ ಅರ್ಥವಾಗುತ್ತಿತ್ತು. ಸರಣಿಯ ನಾಯಕ ಆ್ಯಶ್ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡು ಚೆಂಡು ಬೀಸಿದ ಅಂದರೆ ಆವತ್ತಿನ ಸಂಜೆ ಬೀದಿಯಲ್ಲೆಲ್ಲ ಅದೇ ಆಟ. ರಬ್ಬರ್ ಚೆಂಡಿನ ಅರ್ಧಕ್ಕೆ ಕೆಂಪು ಸ್ಕೆಚ್ ಪೆನ್ ಬಳಿಯುವುದು, ಬೀದಿನಾಯಿಯ ಕಡೆಗೆ ಉರುಳಿಸುವುದು, ಅದು ಮೂಸಿ ನೋಡಿ ಆಚೆ ಹೋದರೆ ‘ತಪ್ಪಿಸ್ಕೊಂಡ್ತು’ ಎಂದು ಕೂಗುವುದು. ಚಿಪ್ಸ್ ಪೊಟ್ಟಣದೊಳಗೆ ಪೋಕೆಮಾನ್ ಚಿತ್ರದ ಟಾಝೋ ಬಿಲ್ಲೆಗಳೂ ಬಂದವು. ಇಷ್ಟೆಲ್ಲ ಇದ್ದರೂ ಅದು ಆ್ಯಶ್‌ನ ಚೆಂಡು. ಅವನು ಎಸೆಯುತ್ತಿದ್ದ, ನಾವು ನೋಡುತ್ತಿದ್ದೆವು.

ನಾವೇ ಎಸೆಯುವ ಚೆಂಡು ಸಿಕ್ಕಿದ್ದು ಅದಾಗಿ ಕೆಲವು ವರ್ಷಕ್ಕೆ, ಮೈಸೂರಿನ ಕುವೆಂಪುನಗರದಲ್ಲಿ, ದೊಡ್ಡಮ್ಮನ ಮನೆಯ ಕಂಪ್ಯೂಟರಿನಲ್ಲಿ. ಬೇಸಿಗೆ ರಜೆಗೆ ನಾವೆಲ್ಲ ಅಲ್ಲಿ ಸೇರುತ್ತಿದ್ದೆವು. ದೊಡ್ಡಮ್ಮನ ಮಗ, ನಮಗೆಲ್ಲ ಅಣ್ಣ, ಕಾಲೇಜಿನ ಗೆಳೆಯನಿಂದ ಒಂದು ಸಿ.ಡಿ. ತಂದಿದ್ದ. ಅದರಲ್ಲಿ ‘ವಿಷುವಲ್ ಬಾಯ್ ಅಡ್ವಾನ್ಸ್’ ಎಂಬ ಎಮ್ಯುಲೇಟರ್, ಅಂದರೆ ಕೈಯಲ್ಲಿ ಹಿಡಿದು ಆಡುವ ಯಂತ್ರದ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ, ಜತೆಗೆ ‘ಪೋಕೆಮಾನ್ ಫೈರ್‌ರೆಡ್’. ಗೇಮ್ ಬಾಯ್ ಎಂಬ ಯಂತ್ರವನ್ನು ನಮ್ಮಲ್ಲಿ ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಹಾಗಾಗಿ ಅದರ ಎ ಗುಂಡಿ ನಮಗೆ ಕೀಬೋರ್ಡಿನ ಝಡ್ ಕೀ, ಬಿ ಗುಂಡಿ ಎಕ್ಸ್ ಕೀ. ಸ್ಪೇಸ್ ಬಾರ್ ಒತ್ತಿ ಹಿಡಿದರೆ ಆಟ ಓಡುತ್ತಿತ್ತು. ಊರಿಂದೂರಿಗೆ ನಡೆಯುವಾಗ ಮಾತ್ರ ಅದಕ್ಕೆ ಅಪ್ಪಣೆ. ಚೆಂಡು ಎಸೆದ ಮೇಲೆ ಸ್ಪೇಸ್ ಬಾರ್ ಮುಟ್ಟುವಂತಿಲ್ಲ ಎಂದು ಅಣ್ಣ ಕಟ್ಟಪ್ಪಣೆ ಮಾಡಿದ್ದ. ಆ ಕಾಯುವಿಕೆಯನ್ನು ಅವಸರ ಮಾಡಿ ಕೆಡಿಸಬಾರದು ಎಂಬುದು ಅವನಿಗೆ ಆಗಲೇ ಗೊತ್ತಿತ್ತು. ಅದಕ್ಕಾಗಿ ನಾನು ಅವನಿಗೆ ಇಂದಿಗೂ ಋಣಿ.

ಕಂಪ್ಯೂಟರ್ ಒಂದೇ, ಆಡುವವರು ನಾಲ್ವರು. ಅಣ್ಣ ಕೀಬೋರ್ಡಿಗೆ. ಅವನ ತಂಗಿ, ಅಂದರೆ ನಮ್ಮ ಅಕ್ಕ, ಪಕ್ಕದ ಸ್ಟೂಲಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ ಹಿಡಿದು. ನಾನೂ ನನ್ನ ತಂಗಿಯೂ ಹಿಂದೆ, ಮಂಚದ ಅಂಚಿನಲ್ಲಿ. ಅಕ್ಕನ ಪುಸ್ತಕದಲ್ಲಿ ಹಿಡಿದ ಪ್ರತಿ ಪೋಕೆಮಾನ್‌ಗೂ ಒಂದು ಸಾಲು: ಹೆಸರು ಕನ್ನಡದಲ್ಲಿ, ಸಿಕ್ಕ ದಾರಿಯ ನಂಬರು, ಯಾವ ಚೆಂಡು, ಎಷ್ಟನೆಯ ಚೆಂಡಿಗೆ. ರಟಾಟಾ, ಪಿಜಿ, ಕೇಟರ್‌ಪಿ ಎಂದು ಉರುಟಾದ ಅಕ್ಷರಗಳಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದಳು. ಆಟ ಆಡಿದವನು ಅಣ್ಣನಾದರೂ, ಹಿಡಿದದ್ದು ಹಿಡಿದಂತಾಗುತ್ತಿದ್ದದ್ದು ಅಕ್ಕ ಬರೆದ ಮೇಲೆಯೇ.

ಆಟ ಶುರುವಾದಾಗ ಕೈಯಲ್ಲಿ 3000 ಹಣ. ಪ್ರೊಫೆಸರ್ ಓಕ್ ಅವರ ಪಾರ್ಸೆಲ್ ತಂದುಕೊಟ್ಟರೆ ಅವರೇ ಐದು ಪೋಕೆ ಬಾಲ್ ಕೊಡುತ್ತಾರೆ. ಅದು ಮುಗಿದರೆ ಅಂಗಡಿಯಲ್ಲಿ ಒಂದಕ್ಕೆ 200. ಗ್ರೇಟ್ ಬಾಲ್ 600, ಅಲ್ಟ್ರಾ ಬಾಲ್ 1200. ವಿರಿಡಿಯನ್ ಊರಲ್ಲಿ ಬೆಳಗಿನ ಕಾಫಿ ಆಗುವ ತನಕ ದಾರಿ ಬಿಡದ ಒಬ್ಬ ತಾತ ಇದ್ದಾರೆ. ಕಾಫಿ ಆದ ಮೇಲೆ ಅವರೇ ಒಂದು ವೀಡಲ್ ಹುಳುವಿಗೆ ಚೆಂಡು ಎಸೆದು ಹಿಡಿಯುವ ಬಗೆ ತೋರಿಸುತ್ತಾರೆ. ಕಾಫಿಯಾಗದೆ ಏನೂ ನಡೆಯದ ಆ ತಾತ ನಮ್ಮ ದೊಡ್ಡಪ್ಪನಿಗೆ ಬಹಳ ಹಿಡಿಸಿದರು. ಪೇಪರ್ ಮಡಿಚಿಟ್ಟು ಎದ್ದು ಬಂದು ಅವರೊಬ್ಬರನ್ನೇ ನೋಡಿ ಹೋಗುತ್ತಿದ್ದರು.

ಎಸೆದ ಚೆಂಡು ತೆರೆದುಕೊಳ್ಳುತ್ತದೆ, ಪ್ರಾಣಿ ಕೆಂಪು ಬೆಳಕಾಗಿ ಒಳಗೆ ಸೇರುತ್ತದೆ, ಚೆಂಡು ನೆಲಕ್ಕೆ ಬಿದ್ದು ಕುಪ್ಪಳಿಸಿ ನಿಲ್ಲುತ್ತದೆ. ಆಮೇಲೆ ಅಲುಗಾಟ. ಒಂದು. ಎರಡು. ಮೂರು. ಮೂರೂ ದಾಟಿ ‘ಟಕ್’ ಎಂದರೆ ನಮ್ಮದು. ಮೂರನೆಯದರ ಮೇಲೂ ಒಡೆದು ಹೊರಬಂದರೆ ನಾಲ್ವರ ಬಾಯಿಂದಲೂ ಒಂದೇ ಉದ್ಗಾರ ಹೊರಡುತ್ತಿತ್ತು. ಅಡುಗೆಮನೆಯಿಂದ ದೊಡ್ಡಮ್ಮ ‘ಏನಾಯ್ತ್ರೋ?’ ಎಂದು ಕೇಳುವಷ್ಟು ಜೋರಾಗಿ.

ಆ ಅಲುಗಾಟದ ಹೊತ್ತಿನಲ್ಲಿ ಅಣ್ಣ ಎಕ್ಸ್ ಕೀಯನ್ನು ಚೆಂಡಿನ ತಾಳಕ್ಕೆ ಸರಿಯಾಗಿ ಒತ್ತುತ್ತಿದ್ದ. ಬಿ ಗುಂಡಿ ಒತ್ತಿದರೆ ಚೆಂಡಿನ ಮುಚ್ಚಳ ಬಿಗಿಯಾಗುತ್ತದೆ ಎಂದು ಅವನ ಗೆಳೆಯ ಹೇಳಿದ್ದನಂತೆ. ಆ ಗೆಳೆಯನಿಗೆ ಯಾರು ಹೇಳಿದರೋ. ಅಮೆರಿಕದ ಮಕ್ಕಳು ಕೆಳಬಾಣವನ್ನೂ ಬಿ ಗುಂಡಿಯನ್ನೂ ಒಟ್ಟಿಗೆ ಅದುಮಿ ಹಿಡಿಯುತ್ತಿದ್ದರು ಎಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದಾಗ ನನಗಾದ ಸಂತೋಷ ದೊಡ್ಡದು. ಒಬ್ಬರ ಮುಖ ಒಬ್ಬರು ನೋಡದ, ಒಬ್ಬರ ಭಾಷೆ ಒಬ್ಬರಿಗೆ ಬಾರದ ಮಕ್ಕಳು, ಅದೇ ಮೂರು ಅಲುಗಾಟಕ್ಕೆ ಅದೇ ಹರಕೆ ಹೊತ್ತಿದ್ದರು.

ಗುಂಡಿ ಒತ್ತಿದ್ದರಿಂದ ಏನೂ ಆಗುತ್ತಿರಲಿಲ್ಲ ಎಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಚೆಂಡು ತಾಗಿದ ಗಳಿಗೆಯಲ್ಲೇ ಲೆಕ್ಕ ಮುಗಿದಿರುತ್ತದೆ. ಅಲುಗಾಟ ಆ ಲೆಕ್ಕವನ್ನು ನಮಗೆ ನಿಧಾನಕ್ಕೆ ತಿಳಿಸುವ ಬಗೆ ಅಷ್ಟೆ. ಪ್ರತಿ ಪೋಕೆಮಾನ್‌ಗೂ ಹಿಡಿಯುವ ಸುಲಭಕ್ಕೊಂದು ಅಂಕಿಯಿದೆ. ಕೇಟರ್‌ಪಿಗೆ 255, ಅದೇ ಎಲ್ಲಕ್ಕಿಂತ ಹೆಚ್ಚು. ಮ್ಯೂಟೂಗೆ 3. ಎದುರಿನ ಪ್ರಾಣಿಯ ಶಕ್ತಿ ಇಳಿದಷ್ಟೂ ನಮಗೆ ಅನುಕೂಲ. ಫೈರ್‌ರೆಡ್ ಕಾಲದ ಆಟಗಳಲ್ಲಿ ಅದು ನಿದ್ದೆಯಲ್ಲಿದ್ದರೆ ಅವಕಾಶ ಎರಡರಷ್ಟು. ಗ್ರೇಟ್ ಬಾಲ್ ಒಂದೂವರೆ ಪಟ್ಟು, ಅಲ್ಟ್ರಾ ಬಾಲ್ ಎರಡು ಪಟ್ಟು. ಹೀಗಾಗಿ ಪೂರ್ಣ ಶಕ್ತಿಯಲ್ಲಿರುವ ಕೇಟರ್‌ಪಿಯಂಥ ಪಾಪದ ಹುಳುವೂ ಸಾದಾ ಪೋಕೆ ಬಾಲಿಗೆ ಮೂರರಲ್ಲಿ ಒಂದು ಸಲವಷ್ಟೇ ಸಿಗುತ್ತದೆ. ಮ್ಯೂಟೂವನ್ನು ಇನ್ನೇನು ಬೀಳಬೇಕು ಅನ್ನುವಷ್ಟು ದಣಿಸಿ, ಮಲಗಿಸಿ, ಅಲ್ಟ್ರಾ ಬಾಲ್ ಎಸೆದರೂ ನೂರಕ್ಕೆ ಐದರಷ್ಟು ಅವಕಾಶವೂ ಇಲ್ಲ. ಈ ಲೆಕ್ಕ ನಮಗೆ ಆಗ ತಿಳಿದಿರಲಿಲ್ಲ, ಆದರೆ ಅಕ್ಕನ ಪುಸ್ತಕಕ್ಕೆ ಅರ್ಧಂಬರ್ಧ ತಿಳಿದಿತ್ತು. ಯಾವುದಕ್ಕೆ ಎಷ್ಟು ಚೆಂಡು ಹೋಯಿತು ಎಂದು ಬರೆದಿಟ್ಟವಳಿಗೆ ಮಲಗಿಸಿ ಎಸೆದದ್ದು ಬೇಗ ಸಿಗುತ್ತದೆ ಎಂಬುದು ಪುಟ ತಿರುವಿದಾಗಲೇ ಕಂಡಿತ್ತು. ‘ಮೊದ್ಲು ಮಲಗ್ಸೋ, ಆಮೇಲೆ ಎಸಿ’ ಅನ್ನುವುದು ಅವಳ ಮಂತ್ರ. ಆಟದ ಮೊದಲಿಗೆ ನಾವು ಆರಿಸಿಕೊಂಡ ಬಲ್ಬಸಾರ್ ಕಲಿತ ಮಲಗಿಸುವ ಪಟ್ಟು ಸ್ಲೀಪ್ ಪೌಡರನ್ನು ಅಣ್ಣ ಅಳಿಸಿಹಾಕದಂತೆ ಕೊನೆಯವರೆಗೂ ಕಾಯ್ದವಳು ಅವಳೇ.

ಎಮ್ಯುಲೇಟರಿನಲ್ಲಿ ಇನ್ನೊಂದು ಅನುಕೂಲವಿತ್ತು. ಶಿಫ್ಟ್ ಮತ್ತು ಎಫ್ 1 ಒಟ್ಟಿಗೆ ಒತ್ತಿದರೆ ಆಟ ಆ ಕ್ಷಣದಲ್ಲೇ ಉಳಿಯುತ್ತದೆ, ಎಫ್ 1 ಒತ್ತಿದರೆ ಅಲ್ಲಿಗೇ ಮರಳುತ್ತದೆ. ಎಸೆಯುವ ಮೊದಲು ಉಳಿಸಿಕೊಂಡರೆ ಒಂದೇ ಚೆಂಡನ್ನು ಎಷ್ಟು ಸಲ ಬೇಕಾದರೂ ಎಸೆಯಬಹುದು. ಅಣ್ಣ ಅದನ್ನು ನಿಷೇಧಿಸಿದ್ದ. ‘ಹೋದ ಚೆಂಡು ಹೋಯ್ತು’ ಎನ್ನುತ್ತಿದ್ದ. ನನ್ನ ಮಟ್ಟಿಗೆ ಆ ರಜೆಗಳು ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಈ ಒಂದು ನಿಯಮವೇ ಕಾರಣ. ಸಫಾರಿ ಝೋನಿಗೆ 500 ಕೊಟ್ಟು ಒಳಗೆ ಹೋದರೆ ಕೊಡುವುದು ಮೂವತ್ತೇ ಚೆಂಡು. ಅಲ್ಲಿ ಹೊಡೆದಾಟವಿಲ್ಲ, ತಿಂಡಿ ಎಸೆಯಬಹುದು, ಕಲ್ಲು ಎಸೆಯಬಹುದು, ಚೆಂಡು ಎಸೆಯಬಹುದು. ಟಾರೊಸ್ ಕಂಡಿತೆಂದು ಖುಷಿಪಡುವಷ್ಟರಲ್ಲಿ ಓಡಿಹೋಗುತ್ತಿತ್ತು. ಚಾನ್ಸಿ ಕೊನೆಗೂ ಸಿಕ್ಕಿದ ದಿನ ಕೀಬೋರ್ಡಿನಲ್ಲಿದ್ದವಳು ನನ್ನ ತಂಗಿ. ಅಣ್ಣ ಊಟಕ್ಕೆ ಎದ್ದಿದ್ದ, ಅವಳು ಕುಳಿತಳು, ಚೆಂಡು ಎಸೆದಳು, ಟಕ್ ಅಂತು. ಅಕ್ಕ ಪುಸ್ತಕದಲ್ಲಿ ಆ ಸಾಲಿನ ಪಕ್ಕ ತಂಗಿಯ ಹೆಸರು ಬರೆದಳು. ಆ ಪುಸ್ತಕದಲ್ಲಿ ಮನುಷ್ಯರ ಹೆಸರಿದ್ದ ಸಾಲು ಅದೊಂದೇ.

ಚೆಂಡು ಸೋಲುವ ಜಾಗಗಳೂ ನೆನಪಿವೆ. ಆಬ್ರಾ ಎದುರಾದರೆ ಯೋಚಿಸಲು ಪುರುಸೊತ್ತಿಲ್ಲ, ಮರುಕ್ಷಣವೇ ಮಾಯವಾಗುತ್ತದೆ. ಪವರ್ ಪ್ಲಾಂಟಿನಲ್ಲಿ ನೆಲದ ಮೇಲೆ ಚೆಂಡು ಬಿದ್ದಿದೆ ಎಂದು ಎತ್ತಲು ಹೋದರೆ ಅದು ಕಣ್ಣು ಬಿಟ್ಟು ಎದುರು ನಿಲ್ಲುವ ವೋಲ್ಟಾರ್ಬ್. ಬೇರೆಯವರ ಪೋಕೆಮಾನ್ ಮೇಲೆ ಎಸೆದರೆ ಎದುರಾಳಿ ಚೆಂಡನ್ನು ತಡೆದು ಕಳ್ಳತನ ಬೇಡವೆನ್ನುತ್ತಾನೆ. ಇವೆಲ್ಲಕ್ಕಿಂತ ಬೇರೆಯದು ಲ್ಯಾವೆಂಡರ್ ಊರಿನ ಗೋಪುರ. ಸತ್ತ ಪೋಕೆಮಾನ್‌ಗಳ ಸಮಾಧಿಗಳಿರುವ ಜಾಗ. ಮೆಟ್ಟಿಲ ಬಳಿ ದೆವ್ವವೊಂದು ಅಡ್ಡ ನಿಲ್ಲುತ್ತದೆ. ಅದಕ್ಕೆ ಎಸೆದ ಚೆಂಡು ತಾಗುವುದೇ ಇಲ್ಲ. ದೆವ್ವದ ನಿಜರೂಪ ತೋರಿಸುವ ಸಿಲ್ಫ್ ಸ್ಕೋಪ್ ತಂದು ನೋಡಿದರೆ ಅದು ಆಟದ ಖಳರ ಗುಂಪಾದ ಟೀಮ್ ರಾಕೆಟ್‌ನವರು ಕೊಂದ ಮೇರೊವ್ಯಾಕ್. ತಬ್ಬಲಿಯಾದ ಮರಿ ಕ್ಯೂಬೋನಿನ ತಾಯಿ. ನನ್ನ ತಂಗಿ ಅತ್ತಳು. ಅಣ್ಣ ಆವತ್ತು ಅಲ್ಲಿಗೇ ಕಂಪ್ಯೂಟರ್ ಆರಿಸಿದ. ಮಕ್ಕಳ ಆಟವೊಂದರಲ್ಲಿ ಚೆಂಡಿಗೆ ದಕ್ಕದ ಒಂದು ಜೀವವನ್ನು ಇಟ್ಟವರು ದೊಡ್ಡ ಮನಸ್ಸಿನವರು ಎಂದು ನಾನು ನಂಬಿದ್ದೇನೆ.

ಅವರಲ್ಲಿ ಮೊದಲಿಗರು ಸತೋಶಿ ತಾಜಿರಿ. 1965ರಲ್ಲಿ ಹುಟ್ಟಿದ ಅವರು ಬೆಳೆದದ್ದು ಟೋಕಿಯೊದ ಹೊರವಲಯದ ಮಾಚಿದಾದಲ್ಲಿ. ಗದ್ದೆ, ಹೊಂಡ, ಕಾಡುಗಳಲ್ಲಿ ಹುಳು ಹಿಡಿಯುವುದೇ ಅವರ ಬಾಲ್ಯ. ಜತೆಯ ಮಕ್ಕಳು ಅವರನ್ನು ಹುಳುಗಳ ಡಾಕ್ಟರ್ ಎಂದೇ ಕರೆಯುತ್ತಿದ್ದರಂತೆ. ಊರು ಬೆಳೆದು ಆ ಗದ್ದೆಹೊಂಡಗಳ ಮೇಲೆ ಕಟ್ಟಡ ಎದ್ದವು. ಮುಂದೆ ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ಕಂಡಾಗ ಅವರಿಗೆ ತೋಚಿದ್ದು, ಆ ತಂತಿಯ ಮೇಲೆ ಹುಳುವೊಂದು ಇತ್ತಿಂದತ್ತ ಹರಿದುಹೋಗುವ ಚಿತ್ರ. ಜಪಾನಿನ ಅಂಗಡಿಗಳ ಮುಂದೆ ನಾಣ್ಯ ಹಾಕಿ ತಿರುವಿದರೆ ಆಟಿಕೆಯಿರುವ ಪ್ಲಾಸ್ಟಿಕ್ ಉಂಡೆ ಉದುರಿಸುವ ಯಂತ್ರಗಳಿವೆ. 1967ರ ‘ಅಲ್ಟ್ರಾಸೆವೆನ್’ ಟಿವಿ ಸರಣಿಯ ನಾಯಕ ಸಣ್ಣ ಗುಳಿಗೆಗಳಲ್ಲಿ ದೈತ್ಯರನ್ನು ಇಟ್ಟುಕೊಂಡಿರುತ್ತಿದ್ದ. ಇವೆಲ್ಲ ಕೂಡಿ ತಾಜಿರಿ ಮೊದಲು ಬರೆದಿಟ್ಟ ಯೋಜನೆಯ ಹೆಸರು ‘ಕ್ಯಾಪ್ಸೂಲ್ ಮಾನ್‌ಸ್ಟರ್ಸ್’. ಆಟ ಅಂಗಡಿಗೆ ಬಂದದ್ದು 1996ರ ಫೆಬ್ರವರಿ 27ರಂದು. ಕೆಂಪು ಮತ್ತು ಹಸಿರು ಎಂಬ ಎರಡು ರೂಪದಲ್ಲಿ. ಫೈರ್‌ರೆಡ್ ಅದೇ ಕೆಂಪು ಆಟದ ಹೊಸ ರೂಪ, 2004ರದು. ಟಿವಿಯ ಆ್ಯಶ್‌ಗೆ ಜಪಾನಿನಲ್ಲಿ ಹೆಸರು ಸತೋಶಿ ಎಂದೇ.

ಇದೊಂದೂ ಗೊತ್ತಿಲ್ಲದ ನಮ್ಮ ದೊಡ್ಡಮ್ಮ ಒಂದು ಮಧ್ಯಾಹ್ನ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಿಂದೆ ನಿಂತು ನೋಡಿ, ‘ಇದು ನಮ್ಮ ಜೀರ್ಜಿಂಬೆ ಕಣ್ರೋ’ ಎಂದುಬಿಟ್ಟರು. ಅವರೂ ನನ್ನ ಅಮ್ಮನೂ ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಬೆಳೆದವರು. ಮಳೆ ಬಿದ್ದ ಮೇಲೆ ಹಸಿರು ಹೊನ್ನಿನ ಬೆನ್ನಿನ ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿ ಎಲೆ ಹಾಕಿ, ಸ್ಕೂಲಿಗೂ ಒಯ್ಯುತ್ತಿದ್ದರಂತೆ. ಮೊಟ್ಟೆಯಿಟ್ಟಿತಾ ಎಂದು ಪಾಠದ ನಡುವೆ ಪೊಟ್ಟಣ ಸರಿಸಿ ನೋಡುವುದು, ನನ್ನದು ನಿನ್ನದಕ್ಕಿಂತ ಮಿನುಗುತ್ತದೆ ಎಂದು ಜಗಳವಾಡುವುದು, ಒಂದು ಬಳಪಕ್ಕೆ ಅದಲುಬದಲು ಮಾಡಿಕೊಳ್ಳುವುದು. ಪೋಕೆ ಬಾಲಿಗೆ ಬೆಂಕಿಪೊಟ್ಟಣಕ್ಕಿಂತ ಸರಿಯಾದ ಹೋಲಿಕೆ ನನಗೆ ಈವರೆಗೂ ಸಿಕ್ಕಿಲ್ಲ. ಮಾಚಿದಾದ ಹುಡುಗ ಹಿಡಿದ ಹುಳುವಿಗೂ ನಂಜನಗೂಡಿನ ಹುಡುಗಿಯರ ಜೀರ್ಜಿಂಬೆಗೂ ನಡುವೆ ಸಮುದ್ರವಿದೆ, ಆದರೆ ದೊಡ್ಡಮ್ಮನಿಗೆ ಆಟವನ್ನು ವಿವರಿಸಬೇಕಾಗಲಿಲ್ಲ. ಆವತ್ತಿನಿಂದ ಅವರು ಒಲೆ ಸಣ್ಣ ಮಾಡಿ ಬಂದು ನಿಲ್ಲುತ್ತಿದ್ದರು. ‘ಒಳಗೆ ಅದಕ್ಕೆ ತಿನ್ನಕ್ಕೆ ಏನು ಕೊಡ್ತೀರಾ?’ ಎಂದು ಕೇಳಿದ್ದರು. ನಾವು ಯಾರೂ ಕೇಳಿಕೊಳ್ಳದ ಪ್ರಶ್ನೆ ಅದು. ಚೆಂಡಿನೊಳಗೆ ಹೋಗಲೊಪ್ಪದೆ ಆ್ಯಶ್‌ನ ಹೆಗಲೇರಿ ಕುಳಿತ ಪಿಕಾಚು ಅವರಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಸಹಜ.

ಮುಂದೆ ಫೋನಿನಲ್ಲಿ ಆಡುವ ಪೋಕೆಮಾನ್ ಗೋ ಬಂತು. ನಮ್ಮ ದೇಶದಲ್ಲಿ 2016ರ ಡಿಸೆಂಬರ್‌ನಲ್ಲಿ. ಬೆರಳಿನಿಂದ ಚಿಮ್ಮಿಸುವ ಚೆಂಡು, ಸುತ್ತ ಹಸಿರಿಂದ ಕೆಂಪಿನವರೆಗೆ ಬಣ್ಣ ಬದಲಿಸುವ ಉಂಗುರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅಕ್ಕನ ಜತೆ ಕಬ್ಬನ್ ಪಾರ್ಕಿನಲ್ಲಿ ಕೆಲವು ಭಾನುವಾರ ಅಡ್ಡಾಡಿದೆ. ಚೆನ್ನಾಗಿತ್ತು. ಆದರೆ ಅಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು, ಒಬ್ಬೊಬ್ಬರಿಗೆ ಅವರವರ ಚೆಂಡು. ನಾಲ್ವರು ಒಂದೇ ಚೆಂಡಿಗೆ ಉಸಿರು ಬಿಗಿಹಿಡಿಯುವುದು ಅದರಲ್ಲಿ ಇರಲಿಲ್ಲ.

ಹೇಳಲೇಬೇಕಾದ್ದು ಮಾಸ್ಟರ್ ಬಾಲಿನ ವಿಷಯ. ಸ್ಯಾಫ್ರಾನ್ ಊರಿನ ಸಿಲ್ಫ್ ಕಂಪನಿಯನ್ನು ಟೀಮ್ ರಾಕೆಟ್‌ನಿಂದ ಬಿಡಿಸಿದರೆ ಅಧ್ಯಕ್ಷರು ಕೈಗಿಡುವ ನೇರಳೆ ಚೆಂಡು. ಎಸೆದರೆ ತಪ್ಪುವ ಮಾತೇ ಇಲ್ಲ. ಇಡೀ ಆಟಕ್ಕೆ ಒಂದೇ. ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಯಾರಿಗೆ ಎಸೆಯಬೇಕೆಂದು ನಮ್ಮ ಮನೆಯಲ್ಲಿ ನಡೆದ ಚರ್ಚೆ ಊಟದ ಎಲೆಯ ಮುಂದೆಯೂ ನಿಲ್ಲಲಿಲ್ಲ. ಸೆರೂಲಿಯನ್ ಗುಹೆಯ ತಳದಲ್ಲಿರುವ ಮ್ಯೂಟೂಗೆ ಎಂದು ಅಣ್ಣ. ಅದಕ್ಕಿಂತ ಬಲಶಾಲಿ ಆ ಆಟದಲ್ಲಿಲ್ಲ. ಎಂಟೈಗೆ ಎಂದು ಅಕ್ಕ. ಬಲ್ಬಸಾರ್ ಆರಿಸಿಕೊಂಡವರಿಗೆ ಆಟದ ಕೊನೆಯಲ್ಲಿ ಊರೂರು ಅಲೆಯುವ ಎಂಟೈ ಎದುರಾಗುತ್ತದೆ, ಎದುರಾದರೆ ಒಂದೇ ಸರದಿಯಲ್ಲಿ ಓಡಿಹೋಗುತ್ತದೆ. ವೋಟು ಹಾಕಿದೆವು. ನಾನೂ ತಂಗಿಯೂ ದೊಡ್ಡಮ್ಮನೂ ಅಕ್ಕನ ಕಡೆ. ಎಂಟೈ ಹುಲ್ಲಿನಲ್ಲಿ ಕಂಡ ದಿನ ನೇರಳೆ ಚೆಂಡು ಹೋಯಿತು, ಅಕ್ಕ ಪುಸ್ತಕದಲ್ಲಿ ಒಂದಿಡೀ ಪುಟ ಅದಕ್ಕೇ ಕೊಟ್ಟಳು. ಮ್ಯೂಟೂಗೆ ಅಲ್ಟ್ರಾ ಬಾಲುಗಳೇ ಗತಿಯಾದವು. ಅವುಗಳಿಗಾಗಿ ಅಣ್ಣ ದುಡ್ಡು ಕೂಡಿಸಿದ, ಚೀಲ ತುಂಬಿಸಿಕೊಂಡು ಇಳಿದ, ನಾವೆಲ್ಲ ನಿದ್ದೆಗೆಟ್ಟು ಕುಳಿತೆವು, ಅದು ಸಿಕ್ಕಿದಾಗ ಬೆಳಗಿನ ಹಾಲಿನವನು ಬಂದಿದ್ದ.

ಈಗ ಅಣ್ಣನ ತಲೆಯಲ್ಲಿ ನರೆ ಕಾಣಿಸಿದೆ. ಕಳೆದ ಸಲ ಎಲ್ಲ ಸೇರಿದ್ದಾಗ ಅವನ ಮಗ ಈ ಕಥೆ ಕೇಳಿ, ಮಾಸ್ಟರ್ ಬಾಲನ್ನು ಮ್ಯೂಟೂಗೇ ಎಸೆಯಬೇಕಿತ್ತು ಎಂದು ಅಪ್ಪನ ಪಕ್ಷ ವಹಿಸಿದ. ಅಕ್ಕ ಹೋಳಿಗೆಗೆ ತುಪ್ಪ ಹಾಕುತ್ತಿದ್ದವಳು ತಲೆಯೆತ್ತಲಿಲ್ಲ. ‘ಎರಡಕ್ಕೂ ಮೂರೇ ಪುಟ್ಟ, ಲೆಕ್ಕ ನೋಡು. ಮ್ಯೂಟೂ ನಿಂತಲ್ಲೇ ನಿಲ್ಲತ್ತೆ, ಎಂಟೈ ನಿಲ್ಲಲ್ಲ’ ಎಂದಳು. ಅಣ್ಣ ಅದನ್ನು ಇನ್ನೂ ಒಪ್ಪಿಲ್ಲ.