ಬೆಳಗಾವಿ ಬಿಟ್ಟ ಲಕ್ಷ್ಮಣರಾಯರು

ನಮ್ಮ ಲೋಕಾಪುರ, ಮುಧೋಳದ ಕಡೆಯ ಎರೆಭೂಮಿಯ ರೈತರಿಗೆ ಕಿರ್ಲೋಸ್ಕರ ಎಂಬುದು ನೇಗಿಲಿನ ಹೆಸರು. ಅದು ಒಬ್ಬ ಮನುಷ್ಯನ ಮನೆತನದ ಹೆಸರೆಂದೂ, ಆತ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲೆಂದೂ ನಾನು ತಿಳಿದದ್ದು ಶಿಕ್ಷಕನಾದ ಮೇಲೆ. ಪುಣೆ, ಗೋವಾ, ಬೆಂಗಳೂರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಕರೆ ಮಾಡಿದಾಗ, "ಸರ್, ಊರು ಬಿಟ್ಟು ತಪ್ಪು ಮಾಡಿದೆವೇನೋ" ಎನ್ನುವುದುಂಟು. ಆಗೆಲ್ಲ ನನಗೆ ಲಕ್ಷ್ಮಣರಾವ್ ಕಿರ್ಲೋಸ್ಕರರು ನೆನಪಾಗುತ್ತಾರೆ.

1869ರ ಜೂನ್ 20ರಂದು ಜನಿಸಿದ ಅವರು ಚಿತ್ರಕಾರರಾಗಲೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಬಣ್ಣಗಳ ಭೇದ ಸರಿಯಾಗಿ ತಿಳಿಯದ ದೃಷ್ಟಿದೋಷ ಕಂಡುಬಂದು ಆ ಹಂಬಲವನ್ನು ಬಿಡಬೇಕಾಯಿತು. ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಮುಂಬಯಿಯಿಂದ ಅವರು ಸೈಕಲ್ಲುಗಳನ್ನು ಕೊಂಡು ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣನವರು ಅವನ್ನು ಮಾರಿ, ಕೊಂಡವರಿಗೆ ಓಡಿಸಲು ಕಲಿಸುವುದು, ಹೀಗೆ ಅಂಗಡಿ ನಡೆಯಿತು. ಮುಂದೆ ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರಿಗೆ ಹೋದಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಅಣ್ಣನ ಬಳಿಗೆ ಬಂದರು. ಅವರ ಸಂಸ್ಥೆಗೆ ಇಂದಿಗೂ ಇರುವ 'ಬ್ರದರ್ಸ್' ಎಂಬ ಹೆಸರು ಆ ಇಬ್ಬರು ಸಹೋದರರನ್ನೇ ಸೂಚಿಸುತ್ತದೆ.

ಮೊದಲು ಮೇವು ಕತ್ತರಿಸುವ ಯಂತ್ರ, ಅನಂತರ 1903ರಲ್ಲಿ ಕಬ್ಬಿಣದ ನೇಗಿಲು ಬಂದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆನ್ನುತ್ತಾರೆ. ಕಟ್ಟಿಗೆಯ ರಂಟೆಯಿಂದ ಎರೆನೆಲದ ಕರಿಕೆಯ ಬೇರನ್ನು ಕಿತ್ತವರಿಗೆ ಆಳವಾಗಿ ಉಳುವ ಆ ನೇಗಿಲಿನ ಬೆಲೆ ಕ್ರಮೇಣ ತಿಳಿಯಿತು.

ವ್ಯಾಪಾರ ಕುದುರುತ್ತಿದ್ದಂತೆಯೇ ಬೆಳಗಾವಿಯ ಪುರಸಭೆ ಊರಿನ ವಿಸ್ತರಣೆಗೆಂದು ಕಾರ್ಖಾನೆಯ ಜಾಗವನ್ನು ತೆರವು ಮಾಡಲು ಹೇಳಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಕುಂಡಲದ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. ನೆಲವೆಂದರೆ ಪಾಪಾಸುಕಳ್ಳಿ ಮತ್ತು ಹಾವುಗಳು. 1910ರಲ್ಲಿ ಲಕ್ಷ್ಮಣರಾಯರು ತಮ್ಮವರೊಡನೆ ಅಲ್ಲಿಗೆ ಹೋದರು. ಅವರಿಗಾಗ ನಲವತ್ತು ವರ್ಷ. ನಲವತ್ತರಲ್ಲಿ ಹೊಸ ಊರು ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ.

ಆ ಊರೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ವಸತಿಯ ಏರ್ಪಾಟನ್ನು ರಾಮುಅಣ್ಣ ನೋಡಿಕೊಂಡರು. ಸಹೋದರನ ಮಗ ಶಂಕರರಾಯರು 1920ರಿಂದ 'ಕಿರ್ಲೋಸ್ಕರ' ಪತ್ರಿಕೆಯನ್ನು ನಡೆಸಿದರು. ಮಗ ಶಂತನುರಾಯರು ಅಮೆರಿಕೆಯಲ್ಲಿ ಇಂಜಿನಿಯರಿಂಗ್ ಓದಿ ಬಂದು ತಂದೆಯ ಕಾರ್ಖಾನೆಗೇ ಸೇರಿದರು. ಕುಟುಂಬವೆಂಬ ಮಾತು ರಕ್ತಸಂಬಂಧಕ್ಕೆ ಮುಗಿಯಲಿಲ್ಲವೆಂಬುದೇ ನನಗೆ ದೊಡ್ಡದಾಗಿ ಕಾಣುವ ಸಂಗತಿ. ವಾಡಿಯಲ್ಲಿ ಅಸ್ಪೃಶ್ಯತೆಗೆ ಅವಕಾಶವಿರಲಿಲ್ಲ. ಸೆರೆಮನೆ ಕಂಡು ಬಂದವರನ್ನು ರಾಯರು ಕಾವಲಿಗೆ ನೇಮಿಸಿಕೊಂಡರು. ತಮ್ಮನ್ನು ಒಂದು ಊರು ಹೊರಗೆ ಕಳಿಸಿತ್ತು. ತಾವು ಕಟ್ಟಿದ ಊರಿನಲ್ಲಿ ಯಾರನ್ನೂ ಹೊರಗಿಡಲಿಲ್ಲ.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಆ ಹೆಸರು ಕನ್ನಡ ನಾಡಿಗೆ ಮರಳಿತು. ಆ ಕಾರ್ಖಾನೆ ಈಗಿಲ್ಲ. ರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ಜನ್ಮಶತಾಬ್ದಿಯಾದ 1969ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ಹೊರಡಿಸಿತು.

ಪ್ರಿಯ ವಿದ್ಯಾರ್ಥಿಗಳೇ, ಊರು ಬಿಟ್ಟದ್ದಕ್ಕಾಗಿ ಕೊರಗಬೇಡಿ. ಹೊಟ್ಟೆಪಾಡು ಯಾರನ್ನೂ ಕೇಳಿ ಕರೆದೊಯ್ಯುವುದಿಲ್ಲ. ಹೋದಲ್ಲಿ ಅಣ್ಣತಮ್ಮಂದಿರಿಗೆ, ನಿಮ್ಮ ಕೈಕೆಳಗಿನ ಕೆಲಸಗಾರರಿಗೆ ನಿಮ್ಮ ಮನೆಯಲ್ಲಿ ಎಷ್ಟು ಜಾಗವಿದೆಯೆಂಬುದನ್ನು ಮಾತ್ರ ಆಗಾಗ ನೋಡಿಕೊಳ್ಳಿ. ಇಲ್ಲಿ ಉಳಿದಿರುವ ತಂದೆತಾಯಿಗಳೂ ಆ ಲೆಕ್ಕದಲ್ಲಿರಲಿ.