ಇನ್‌ಸ್ಟಾಲ್ ಆಗಿದೆ, ಆದರೆ ಸಿಗುತ್ತಿಲ್ಲ

ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬುಗಳಲ್ಲಿ ಕೋಡ್ ಬರೆಯುವುದಕ್ಕಿಂತ ಇನ್‌ಸ್ಟಾಲ್ ಮಾಡುವುದೇ ದೊಡ್ಡ ಕೆಲಸ. ಪಕ್ಕದಲ್ಲಿ ಕೂತು ನೋಡುತ್ತಾ ಗುರುತು ಹಾಕಿಕೊಂಡದ್ದು ಇಷ್ಟು. ಕೆಲವಕ್ಕೆ ಕಾರಣ ಸಿಕ್ಕಿದೆ. ಸಿಕ್ಕ ಮೇಲೂ ಆಶ್ಚರ್ಯ ಹೋಗಿಲ್ಲ.

*

"ಸರ್, ಪೈಥಾನ್ ಹಾಕಿದೀನಿ. ಆದ್ರೂ ಇಲ್ಲ ಅಂತಿದೆ."

ವಿಂಡೋಸ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಹುಡುಕಿದರೆ ವಿಂಡೋಸ್‌ಆ್ಯಪ್ಸ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲೊಂದು ಕೂತಿದೆ. ಗಾತ್ರ 0 ಬೈಟ್! ಅದರ ಕೆಲಸ ಸ್ಟೋರಿನ ದಾರಿ ತೋರಿಸುವುದಷ್ಟೇ. 2019ರಲ್ಲಿ ವಿಂಡೋಸ್ 10ಕ್ಕೆ ಬಂದ ಅಪ್‌ಡೇಟ್ ಇದನ್ನು ತಂದಿಟ್ಟಿತು. ಇನ್‌ಸ್ಟಾಲರ್‌ನ ಮೊದಲ ಪರದೆಯಲ್ಲಿ ಪೈಥಾನನ್ನು ಪಾತ್‌ಗೆ ಸೇರಿಸುವ ಚೌಕವಿದೆ; ಅದಕ್ಕೆ ಟಿಕ್ ಹಾಕದೆ ಮುಂದೆ ಹೋದವರಿಗೆ ಅಸಲಿ ಪೈಥಾನ್ ಬದಲು ಈ ಖಾಲಿ ಫೈಲೇ ಸಿಗುತ್ತದೆ. ಅಷ್ಟು ಮುಖ್ಯವಾದ ಚೌಕವನ್ನು ಟಿಕ್ ಇಲ್ಲದೆ ಏಕೆ ಬಿಟ್ಟಿದ್ದಾರೋ.

*

ಪಾತ್ ಎಂದರೆ ಫೋಲ್ಡರುಗಳ ಪಟ್ಟಿ. ಕಂಪ್ಯೂಟರ್ ಅದನ್ನು ಮೊದಲಿನಿಂದ ಹುಡುಕುತ್ತಾ ಹೋಗಿ, ಹೆಸರು ಸಿಕ್ಕ ಕಡೆಯೇ ನಿಲ್ಲುತ್ತದೆ. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಪೋಸ್ಟ್‌ಮ್ಯಾನ್ ಮೊದಲ ಮನೆಗೇ ಕಾಗದ ಹಾಕಿ ಹೋದಂತೆ. ಒಂದೇ ಯಂತ್ರದಲ್ಲಿ ಸ್ಟೋರಿನದೊಂದು, ಅನಕೊಂಡಾದ್ದೊಂದು, ನೇರವಾಗಿ ಇಳಿಸಿಕೊಂಡದ್ದೊಂದು ಎಂದು ಮೂರು ಪೈಥಾನ್ ಇರುವುದು ಈಗ ಮಾಮೂಲು. ಪಿಪ್ ಎಂಬ ಸಲಕರಣೆ ಒಂದಕ್ಕೆ ಪ್ಯಾಕೇಜ್ ಹಾಕುತ್ತದೆ, ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತದೆ. ಹಾಕಿದ್ದೂ ನಿಜ, ಇಲ್ಲದಿರುವುದೂ ನಿಜ! ಬಲ್ಲವರು ಬರೀ ಪಿಪ್ ಎನ್ನದೆ 'ಪೈಥಾನ್ -ಎಂ ಪಿಪ್' ಎಂದು ಟೈಪ್ ಮಾಡುವುದು ಇದಕ್ಕೇ. ಆಗ ಪ್ಯಾಕೇಜು ಕರೆದ ಪೈಥಾನಿಗೇ ಹೋಗುತ್ತದೆ.

*

ಯಾವ ಪೈಥಾನ್ ಎಂದು ತಿಳಿಯಲು ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವೇರ್ ಪೈಥಾನ್' ಸಾಕು. ಅದನ್ನೇ ಪವರ್‌ಶೆಲ್‌ನಲ್ಲಿ ಕೊಟ್ಟರೆ ಉತ್ತರವೂ ಇಲ್ಲ, ಎರರ್ ಕೂಡ ಇಲ್ಲ. ಅಲ್ಲಿ 'ವೇರ್' ಎಂಬುದು ಸಾಲುಗಳನ್ನು ಸೋಸುವ ಬೇರೊಂದು ಕಮಾಂಡಿನ ಅಡ್ಡಹೆಸರು. 'ವೇರ್.ಇಎಕ್ಸ್ಇ' ಎಂದು ಪೂರ್ತಿ ಕೊಡಬೇಕು. ತಪ್ಪು ಎಂದು ಹೇಳುವ ಯಂತ್ರಕ್ಕಿಂತ ಸುಮ್ಮನಿರುವ ಯಂತ್ರ ಹೆಚ್ಚು ಗೋಳು ಹೊಯ್ದುಕೊಳ್ಳುತ್ತದೆ.

*

ಪಾತ್ ಸರಿಮಾಡಿ, ವಿಎಸ್ ಕೋಡ್‌ನಲ್ಲಿ ಹೊಸ ಟರ್ಮಿನಲ್ ತೆರೆದರೂ ಹಳೆಯ ದೂರೇ. ಆ ಟರ್ಮಿನಲ್ ತನ್ನ ಪಾತನ್ನು ವಿಎಸ್ ಕೋಡ್‌ನಿಂದ ಪಡೆದಿದೆ. ವಿಎಸ್ ಕೋಡ್ ತೆರೆದದ್ದು ಪಾತ್ ಬದಲಾಗುವ ಮೊದಲು. ಪೂರ್ತಿ ಮುಚ್ಚಿ ತೆರೆದರೆ ಸರಿಹೋಗುತ್ತದೆ. "ರೀಸ್ಟಾರ್ಟ್ ಮಾಡು" ಎಂಬ ಸರ್ವರೋಗದ ಮದ್ದಿನ ಹಿಂದೆ ಹೀಗೆ ಅಪರೂಪಕ್ಕೆ ನಿಜವಾದ ಕಾರಣವೂ ಇರುತ್ತದೆ.

*

ಪರದೆ ತುಂಬ ಕೆಂಪು ಅಕ್ಷರ. ಎಲ್ಲರ ಕಣ್ಣೂ ಕೊನೆಯ ಸಾಲುಗಳಿಗೆ. ಅಲ್ಲಿ ಪಿಪ್ ಹೇಳುವುದೇನು? ಇದು ಬಹುಶಃ ತನ್ನ ತೊಂದರೆಯಲ್ಲ, ತಾನು ಕರೆದ ಇನ್ನೊಂದು ಪ್ರೋಗ್ರಾಮಿನದು ಎಂದು. ಮೇಲಕ್ಕೆ ಹೋದರೆ ಸಂಗತಿ ಬೇರೆ: ವಿಷುಯಲ್ ಸಿ++ ಬೇಕಂತೆ. ಪೈಥಾನ್ ಕಲಿಯಲು ಹೊರಟವನಿಗೆ ಸಿ++ ಏಕೆ? ಪ್ರತಿ ಅಕ್ಟೋಬರ್‌ನಲ್ಲಿ ಪೈಥಾನಿನ ಹೊಸ ಆವೃತ್ತಿ ಬರುತ್ತದೆ. ದೊಡ್ಡ ಪ್ಯಾಕೇಜುಗಳು ಅದಕ್ಕೆ ಹೊಂದುವ ಸಿದ್ಧ ಪ್ರತಿ, ಅಂದರೆ ವೀಲ್, ತಯಾರಿಸಲು ಸಮಯ ಹಿಡಿಯುತ್ತದೆ. ವೀಲ್ ಸಿಗದಿದ್ದರೆ ಪಿಪ್ ಮೂಲ ಕೋಡನ್ನೇ ತಂದು ಇಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಹೊಸದೇ ಒಳ್ಳೆಯದೆಂದು ಹೊಸದನ್ನೇ ಹಾಕಿಕೊಂಡವರು ಹೆಚ್ಚು ಒದ್ದಾಡುವುದು ಹೀಗೆ. ಒಂದು ಆವೃತ್ತಿ ಹಿಂದೆ ಇದ್ದವರು ಆರಾಮಾಗಿರುತ್ತಾರೆ.

*

ಉಬುಂಟು ಬಳಕೆದಾರರ ಗೋಳು ಬೇರೆ. ಬೂಟ್ ಆದ ಕೂಡಲೆ ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ, ಪ್ಯಾಕೇಜು ನಿರ್ವಹಿಸುವ ಡಿಪಿಕೆಜಿಯ ಲಾಕ್ ಸಿಗಲಿಲ್ಲ ಎನ್ನುತ್ತದೆ. ತೆರೆಮರೆಯಲ್ಲಿ ಭದ್ರತಾ ಅಪ್‌ಡೇಟ್ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಲಾಕ್ ಫೈಲನ್ನೇ ಅಳಿಸಿಬಿಡು ಎಂದು ಯಾರೋ ಸಲಹೆ ಕೊಡುತ್ತಾರೆ. ಬೀಗದ ಲೆಕ್ಕ ಇಟ್ಟಿರುವುದು ಕರ್ನಲ್. ಫೈಲು ಅಳಿಸಿದರೆ ನಡೆಯುತ್ತಿರುವ ಕೆಲಸ ನಿಲ್ಲುವುದಿಲ್ಲ, ಅದರ ಜೊತೆಗೇ ಇನ್ನೊಂದು ಒಳಗೆ ನುಗ್ಗುತ್ತದೆ. ಸ್ವಲ್ಪ ಹೊತ್ತು ಕಾಯುವುದೇ ಪರಿಹಾರ. ಆದರೆ ಕಾಯಿರಿ ಎಂಬ ಸಲಹೆ ಯಾರಿಗೆ ರುಚಿಸುತ್ತದೆ?

*

ಲಿನಕ್ಸಿನ ಮತ್ತೊಂದು ವಿತರಣೆ ಡೆಬಿಯನ್‌ನಲ್ಲಿ, 2023ರ 12ನೆಯ ಆವೃತ್ತಿಯಿಂದ ಪಿಪ್ ಬಾಗಿಲಲ್ಲೇ ತಡೆಯುತ್ತದೆ: ಈ ಪೈಥಾನ್ ಸಿಸ್ಟಮ್ಮಿನದು, ಹೊರಗಿನಿಂದ ಏನೂ ಹಾಕಬೇಡಿ ಎಂದು. ಸಿಸ್ಟಮ್ಮಿನ ಎಷ್ಟೋ ಸಲಕರಣೆಗಳು ಅದನ್ನೇ ನೆಚ್ಚಿಕೊಂಡಿವೆ. ಹಟ ಹಿಡಿದವರಿಗೆ ಒಂದು ಆಯ್ಕೆ ಇದೆ: 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'. ಏನು ಒಡೆಯುತ್ತದೆಂದು ಇಷ್ಟು ಪ್ರಾಮಾಣಿಕವಾಗಿ ಬರೆದಿದ್ದರೂ ಅದನ್ನೇ ಕಾಪಿ-ಪೇಸ್ಟ್ ಮಾಡುವವರಿದ್ದಾರೆ. ವೆನ್ವ್ ಮಾಡಿಕೊಂಡು ಪ್ರಾಜೆಕ್ಟಿಗೊಂದು ಪ್ರತ್ಯೇಕ ಜಾಗ ಕೊಡುವುದು ಒಂದೇ ಸಾಲಿನ ಕೆಲಸ.

*

ಕನ್ನಡದ್ದೇ ಆದ ತಾಪತ್ರಯವೊಂದಿದೆ. ವಿಂಡೋಸ್‌ನಲ್ಲಿ ಕನ್ನಡ ಸಾಲನ್ನು ಪ್ರಿಂಟ್ ಮಾಡಿಸಿದರೆ ಪರದೆಯ ಮೇಲೆ ಬರುತ್ತದೆ. ಅದೇ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದರೆ ಪ್ರೋಗ್ರಾಂ ಕುಸಿಯುತ್ತದೆ. 2016ರ ಪೈಥಾನ್ 3.6ರಿಂದ ಪರದೆಗೆ ಹೋಗುವುದು ಯೂನಿಕೋಡ್. ಫೈಲಿಗೆ ಮಾತ್ರ ವಿಂಡೋಸ್‌ನ ಹಳೆಯ ಅಕ್ಷರ ಕೋಷ್ಟಕ. ನಮ್ಮಲ್ಲಿ ಸಾಮಾನ್ಯವಾಗಿ 1252, ಪಶ್ಚಿಮ ಯುರೋಪಿನದು. ಅದರಲ್ಲಿ 'ಕ' ಇಲ್ಲ. ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟರೆ ಮುಗಿಯಿತು. 3.15ರಿಂದ ಅದೂ ಬೇಡ, ಯುಟಿಎಫ್-8 ತಾನಾಗಿಯೇ ಇರಬೇಕೆಂದು ತೀರ್ಮಾನವಾಗಿದೆ.

*

"ನಿನ್ನೆ ಓಡ್ತಿತ್ತು. ನಾನೇನೂ ಮುಟ್ಟಿಲ್ಲ." ಈ ಮಾತನ್ನು ಲ್ಯಾಬಿನಲ್ಲಿ ಯಾರೂ ನಂಬುವುದಿಲ್ಲ, ಆದರೆ ಹಲವು ಸಲ ನಿಜ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಭಂಡಾರದಿಂದ ಲೆಫ್ಟ್-ಪ್ಯಾಡ್ ಎಂಬ ಪುಟ್ಟ ಪ್ಯಾಕೇಜನ್ನು ಬರೆದವರೇ ತೆಗೆದುಹಾಕಿದರು. ಹನ್ನೊಂದು ಸಾಲಿನ ಕೋಡು, ಪದದ ಎಡಗಡೆ ಖಾಲಿ ಜಾಗ ತುಂಬುವ ಕೆಲಸ. ಅದನ್ನು ನೆಚ್ಚಿಕೊಂಡಿದ್ದ ಬೇಬಲ್‌ನಂಥ ದೊಡ್ಡ ಸಲಕರಣೆಯೂ ಇನ್‌ಸ್ಟಾಲ್ ಆಗದೆ ನಿಂತಿತು. ಲೆಫ್ಟ್-ಪ್ಯಾಡ್ ಹೆಸರನ್ನೇ ಕೇಳಿರದವರ ಕೆಲಸವೂ ಕೆಟ್ಟಿತು.

*

ಇಷ್ಟನ್ನೂ ಒಟ್ಟಿಗೆ ಓದಿದಾಗ ಹೊಳೆದದ್ದು: ಕಂಪ್ಯೂಟರ್ "ಇಲ್ಲ" ಎಂದರೆ ತಾನು ನೋಡಿದ ಜಾಗದಲ್ಲಿಲ್ಲ ಎಂದಷ್ಟೇ ಅರ್ಥ. ಅದು ಎಲ್ಲಿ ನೋಡಿತು ಎಂದು ಕೇಳದೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ನಾಲ್ಕನೆಯ ಪೈಥಾನ್ ಬಂದು ಕೂರುತ್ತದೆ, ಅಷ್ಟೆ. ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಯಾರನ್ನಾದರೂ ಸಹಾಯ ಕೇಳುವಾಗ "ಬರ್ತಿಲ್ಲ" ಎನ್ನಬೇಡಿ. ಕೊಟ್ಟ ಕಮಾಂಡ್, ಆವೃತ್ತಿ, ಎರರ್‌ನ ಮೊದಲ ಸಾಲು, ಈ ಮೂರನ್ನು ಬರೆದು ಕಳಿಸಿ. ಬರೆಯುತ್ತಿರುವಾಗಲೇ ಅರ್ಧ ಜನಕ್ಕೆ ಉತ್ತರ ಸಿಕ್ಕಿರುತ್ತದೆ.